ಮೂರು ಕಲ್ಲಿನ ಜಾಗ

ವಿಜಯವಾಡ,
೯ ನವೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಚೆನ್ನಮ್ಮಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಸಮುದ್ರದ ಥಂಡಿಗೆ ಬೆಳಿಗ್ಗೆ ಎದ್ದು ನಿಲ್ಲುವುದೇ ಕಷ್ಟವಾಗುತ್ತದೆ ಎಂದು ನೀನು ಹೇಳುವುದಿಲ್ಲ, ಅನು ಹೇಳುತ್ತಾಳೆ. ಅಮ್ಮ ಇಳಿದುಹೋಗಿದ್ದಾಳೆ ಎಂದೂ ಹೇಳಿದಳು. ಹೋದ ವರ್ಷ ವರ್ಕ್‌ಶಾಪಿನ ದೊಡ್ಡ ತಕ್ಕಡಿಯ ಮೇಲೆ ನಿನ್ನನ್ನು ನಿಲ್ಲಿಸಿ, 'ಇಪ್ಪತ್ತು ಕೆ.ಜಿ.ಯ ಕಲ್ಲು ಮೂರು, ಮೇಲೊಂದಿಷ್ಟು' ಎಂದು ಎಲ್ಲರೆದುರು ಕೂಗಿದ್ದಕ್ಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದೆ, ನೆನಪಿದೆಯೇ? ಆ ಮೇಲಿನ ಒಂದಿಷ್ಟು ಕರಗಿದ್ದರೆ ಕರಗಲಿ, ಮೂರು ಕಲ್ಲಿಗಿಂತ ಕೆಳಗೆ ಇಳಿಯಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಮೊಮ್ಮಗಳು ಉಷಶ್ರೀಗೆ ಹಲ್ಲು ಬಂತೆಂದು ಫೋಟೊ ನೋಡಿದೆ. ನಕ್ಕಾಗ ಥೇಟ್ ನಿನ್ನ ಹಾಗೆಯೇ, ಯಾರನ್ನೋ ಛೇಡಿಸುವ ಹಾಗೆ ಕಾಣುತ್ತಾಳೆ.

ಫೋನಿರುವಾಗ ಈ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನಾನು 'ಕಾರು' ಎಂದ ಕೂಡಲೇ ಅಲ್ಲಿ ಮಗು ಏಳುತ್ತದೆ, ನೀನು ಫೋನ್ ಇಡುತ್ತೀಯ. ಐದು ತಿಂಗಳಿಂದ ನೋಡುತ್ತಿದ್ದೇನೆ, ಪ್ರೆಶರ್ ಕುಕ್ಕರ್ ಕೂಗಿದರೂ ಏಳದ ಮಗು ಈ ಒಂದು ಮಾತಿಗೆ ಏಳುತ್ತದೆ. ಹೋದ ವಾರವಂತೂ 'ಆ ಡಬ್ಬಾ ಗಾಡಿ ಮಾರಿ ಇಲ್ಲೇ ಬಂದ್ಬಿಡ್ರೀ, ಇಲ್ಲಾಂದ್ರ ನೀವಾತು ನಿಮ್ಮ ತಕ್ಕಡಿ ಆತು' ಎಂದು ಇಟ್ಟೇಬಿಟ್ಟೆ. ಮಗಳ ಬಾಣಂತನಕ್ಕೆಂದು ಯುಗಾದಿಗೆ ಮುಂಚೆ ಮೂರು ತಿಂಗಳಿಗೆ ಹೋದವಳು ನೀನು. ಈಗ ಕಾರ್ತಿಕ ನಡೆಯುತ್ತಿದೆ. ಅದನ್ನು ನಾನು ಕೇಳುವುದಿಲ್ಲ. ಬಾ ಎಂದೂ ಬರೆಯುತ್ತಿಲ್ಲ. ಕಾರಿಗೆ ಏನೇನಾಯಿತು ಎಂದು ಒಮ್ಮೆ ಪೂರ್ತಿ ಹೇಳಿ ಮುಗಿಸಬೇಕು, ಅಷ್ಟೇ. ಕಾಗದವನ್ನು ನೀನು ನಡುವೆ ಇಡಲಾರೆ.

ಜೂನ್‌ನಲ್ಲಿ ನಮ್ಮ ತಕ್ಕಡಿ ಕಂಪನಿ ಇಲ್ಲಿನ ಶಾಖೆ ಮುಚ್ಚಿ ನನ್ನನ್ನು ಐವತ್ತಾರಕ್ಕೇ ಮನೆಗೆ ಕಳಿಸಿದಾಗ ಉಳಿದವರು ಶಾಲು, ಗಡಿಯಾರ ತೆಗೆದುಕೊಂಡು ಹೋದರು, ನಾನು ಹದಿನೈದು ಕಬ್ಬಿಣದ ತೂಕದ ಕಲ್ಲು ತಂದೆ ಎಂದು ನೀನು ಎಷ್ಟು ನಕ್ಕೆ! ಆದರೆ ಕಲ್ಲಿಲ್ಲದೆ ತಕ್ಕಡಿ ರಿಪೇರಿಯವನು ಯಾತಕ್ಕೆ ಬಂದ? ಅಕ್ಕಿ ಗಿರಣಿಯ ದೊಡ್ಡ ತಕ್ಕಡಿ ಸರಿ ತೂಗುತ್ತದೆಯೋ ಇಲ್ಲವೋ ತಿಳಿಯಬೇಕಾದರೆ ಅದರ ಮೇಲೆ ನಿಜವಾದ ಮುನ್ನೂರು ಕೆ.ಜಿ. ಇಟ್ಟು ನೋಡಬೇಕು. ಗಿರಣಿ ನಮ್ಮ ಮನೆಗೆ ಬರುವುದಿಲ್ಲ, ಕಲ್ಲೇ ಗಿರಣಿಗೆ ಹೋಗಬೇಕು. ಆಟೋದವರು ಒಮ್ಮೆ ಕಲ್ಲು ಹೊತ್ತರೆ ಎರಡನೇ ಸಲ ನಮ್ಮ ಬೀದಿಗೇ ಬರುವುದಿಲ್ಲ. ಹೀಗಾಗಿ ಮನೆ ಮಾಲೀಕ ಈಶ್ವರಯ್ಯನವರು ಎರಡು ವರ್ಷದ ಹಿಂದೆ ನಮಗೆ ಅಗ್ಗದಲ್ಲಿ ಮಾರಿದ್ದ ಆ ಹದಿಮೂರು ವರ್ಷದ ಪುಟ್ಟ ಕಾರನ್ನೇ ಕೆಲಸದ ಗಾಡಿ ಮಾಡಲು ಹೊರಟೆ. ಹಿಂದಿನ ಸೀಟು ಕಿತ್ತು, ಪ್ಲೈವುಡ್ ಹಲಗೆ ಹಾಸಿ, ಕಲ್ಲುಗಳು ಉರುಳದಂತೆ ಪಟ್ಟಿ ಹೊಡೆಸಿದೆ. ಈಶ್ವರಯ್ಯನವರು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದು ಅದರ ಮುಂದೆ ಸತ್ತವರ ಮನೆಗೆ ಬಂದ ಹಾಗೆ ನಿಲ್ಲುತ್ತಾರೆ. 'ಉಮಾಪತಿ ಗಾರೂ, ಇದಿ ಫ್ಯಾಮಿಲೀ ಕಾರಂಡೀ' ಎನ್ನುತ್ತಾರೆ. ಫ್ಯಾಮಿಲಿ ಎಲ್ಲಿದೆ ಸ್ವಾಮಿ ಎಂದು ಬಾಯಿಯ ತುದಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ.

ಹಲಗೆ ಹಾಕಿದ್ದಾಯಿತು, ಕಲ್ಲು ಇಟ್ಟದ್ದಾಯಿತು. ಕಾರಿನ ಹಿಂಭಾಗ ನೆಲಕ್ಕೆ ಕೂತಿತು. ರಸ್ತೆಯ ಉಬ್ಬು ಹತ್ತಿದಾಗಲೆಲ್ಲ ಹಿಂದಿನ ಗಾಲಿ ಮೇಲಿನ ತಗಡಿಗೆ ತಾಗಿ ಗರಗರ ಎನ್ನುತ್ತಿತ್ತು. ಆಟೋನಗರದ ಮೆಕ್ಯಾನಿಕ್ ಬಾಬ್ಜಿಯ ಹತ್ತಿರ ಹೋದೆ. ನನ್ನ ತೆಲುಗು ನಿನಗೆ ಗೊತ್ತೇ ಇದೆ. ಆದರೂ ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ, 'ವೆನಕ ಗಾಲಿ ತಗುಲುತೋಂದಿ' ಎಂದು ಸ್ಪಷ್ಟವಾಗಿ ಹೇಳಿದೆ. ಹಿಂದಿನ ಗಾಲಿ ತಾಗುತ್ತಿದೆ ಎಂದು ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ಅವನು ಅಯ್ಯೋ ಪಾಪ ಎನ್ನುವ ಹಾಗೆ ತಲೆಯಾಡಿಸಿ, ಹಿಂದಿನ ಬಾಗಿಲಿಗೆ ಸುತ್ತಲೂ ಹೊಸ ರಬ್ಬರ್ ಹಾಕಿ ಕಳಿಸಿದ. ಮರುದಿನವೂ ಗರಗರ. ಮತ್ತೆ ಹೋಗಿ, ಇನ್ನೂ ತಗುಲುತೋಂದಿ, ಭಾರ ಇಟ್ಟರೆ ಹೆಚ್ಚು ತಗುಲುತೋಂದಿ ಎಂದೆ. ಅವನು ನನ್ನ ಮುಖವನ್ನೇ ನೋಡಿ, ರಾತ್ರಿ ಸರಿಯಾಗಿ ನಿದ್ದೆ ಬರುತ್ತದೆಯೇ ಸಾರ್ ಎಂದು ಕೇಳಿ, ಕಿಟಕಿ ಗಾಜಿನ ಸಂದಿಗೆಲ್ಲ ಗೋಂದು ಮೆತ್ತಿದ. ಹತ್ತು ದಿನ ಹೀಗೆಯೇ ಹೋಯಿತು, ಚೆನ್ನಿ. ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಕೊನೆಗೆ ಅವನನ್ನೇ ಕಲ್ಲುಗಳ ಪಕ್ಕ ಕೂರಿಸಿಕೊಂಡು ಉಬ್ಬಿನ ಮೇಲೆ ಓಡಿಸಿದೆ. ಗರ್ರ್ ಎಂದ ತಕ್ಷಣ ಅವನು ಕಿರುಚಿದ, 'ಇದಿ ಚಕ್ರಂ ಸಾರ್! ಗಾಲಿ ಕಾದು!' ಇದು ಚಕ್ರ, ಗಾಲಿ ಅಲ್ಲ ಎಂದು. ತೆಲುಗಿನಲ್ಲಿ ಗಾಲಿ ಎಂದರೆ ಗಾಳಿಯಂತೆ. ಹತ್ತು ದಿನ ನಾನು ಅವನ ಮುಂದೆ ನಿಂತು, ಹಿಂದಿನಿಂದ ತಣ್ಣಗೆ ಗಾಳಿ ಬೀಸುತ್ತಿದೆ, ಭಾರ ಇಟ್ಟರೆ ಇನ್ನೂ ಹೆಚ್ಚು ಬೀಸುತ್ತದೆ ಎಂದು ದೂರುತ್ತಿದ್ದೆ! ಅಕ್ಕಪಕ್ಕದ ಶೆಡ್ಡಿನವರೆಲ್ಲ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನಿದ್ದಿದ್ದರೆ 'ಅಲ್ರೀ, ಇಲ್ಲಿ ಗಾಲಿ ಅಂದ್ರ ಗಾಳಿ ರೀ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಸಿರುಗುಪ್ಪದಲ್ಲಿ ತೆಲುಗು ಕೇಳುತ್ತಲೇ ಬೆಳೆದವಳು ನೀನು. ರಾಣೆಬೆನ್ನೂರಿನ ನನಗೆ ಎಲ್ಲಿಂದ ಬರಬೇಕು?

ಆಮೇಲೆ ಬಾಬ್ಜಿ ಹಿಂದಕ್ಕೆ ಹೆಚ್ಚುವರಿ ಸ್ಪ್ರಿಂಗ್ ಹಾಕಿದ. ಈಗ ಖಾಲಿ ಇದ್ದಾಗ ಕಾರು ಕತ್ತೆಯ ಹಾಗೆ ಹಿಂದಿನ ಕಾಲು ಎತ್ತುತ್ತದೆ, ನನ್ನ ತಲೆ ಮೇಲಿನ ತಗಡಿಗೆ ಬಡಿಯುತ್ತದೆ. ಕಲ್ಲು ತುಂಬಿದರೆ ಮತ್ತೆ ಅದೇ ಗರಗರ, ಸ್ವಲ್ಪ ಮೆಲ್ಲಗೆ. ಭಾರವೆಲ್ಲ ಹಿಂದೆ ಇರುವುದೇ ತಪ್ಪು, ಮುಂದಿನ ಎಡಗಡೆ ಸೀಟು ತೆಗೆದು ಅಲ್ಲಿ ಐದು ಕಲ್ಲು ಇಡೋಣ ಎಂದ. ನಾನು ಆಗುವುದಿಲ್ಲ ಎಂದೆ. ಅವನು ಯಾಕೆ ಎಂದು ಕೇಳಿದ. ಅದು ನನ್ನ ಹೆಂಡತಿಯ ಸೀಟು ಎಂದೆ. ಮೇಡಂ ಎಲ್ಲಿ ಎಂದ. ವೈಜಾಗ್‌ನಲ್ಲಿ ಎಂದೆ. ಯಾವಾಗ ಬರುತ್ತಾರೆ ಎಂದ. ಬೋಲ್ಟು ಬಿಚ್ಚುವ ಪಾನಾ ಅವನ ಕೈಗೇ ಕೊಟ್ಟೆ. ಸೀಟನ್ನು ಎತ್ತಿದಾಗ ಅಡಿಯಲ್ಲಿ ನಿನ್ನ ಮೂರು ಹೇರ್‌ಪಿನ್ನು, ಇಂದ್ರಕೀಲಾದ್ರಿ ಗುಡಿಯ ಕುಂಕುಮದ ಪೊಟ್ಟಣ, ಕರಗಿ ಅಂಟಿಕೊಂಡಿದ್ದ ಎರಡು ಪೆಪ್ಪರ್‌ಮಿಂಟ್, ಮತ್ತೆ ಕೇಳು, ಕಳೆದುಹೋಯಿತೆಂದು ಇಡೀ ಮನೆ ಗುಡಿಸಿ ನನ್ನನ್ನು ಬೈದಿದ್ದೆಯಲ್ಲ, ಆ ಓಲೆಯ ತಿರುಪು ಸಿಕ್ಕಿತು. ತಿರುಪನ್ನು ಕಳಿಸುತ್ತಿಲ್ಲ. ಇಲ್ಲೇ ಇದೆ. ಸೀಟನ್ನು ಆಟೋನಗರದಲ್ಲಿ ಬಿಡಲು ಮನಸ್ಸಾಗದೆ ಮನೆಗೆ ತಂದು ಪಡಸಾಲೆಯಲ್ಲಿ ಟಿ.ವಿ. ಎದುರು ಇಟ್ಟೆ. ಅದರ ಮೇಲೆ ನಾನು ಕೂರಲಿಲ್ಲ.

ಹೋದ ಗುರುವಾರ ಮೊದಲ ದೊಡ್ಡ ಕೆಲಸಕ್ಕೆ ಹೊರಟೆ, ಕಂಕಿಪಾಡಿನ ಆಚೆ ಕಾಲುವೆ ಪಕ್ಕದಲ್ಲಿರುವ ಲಕ್ಷ್ಮೀಪ್ರಸನ್ನ ಅವರ ಅಕ್ಕಿ ಗಿರಣಿಗೆ. ಹೊಸ ಭತ್ತ ಬರುವುದರೊಳಗೆ ತಕ್ಕಡಿ ಸರಿಯಾಗಬೇಕು ಎಂದಿದ್ದರು. ಗಾಲಿ ತಾಗಲಿಲ್ಲ. ಬಾಬ್ಜಿ ಹೇಳಿದ್ದು ನಿಜ, ಕಾರು ನೀರಿನ ಹಾಗೆ ಹೋಯಿತು. ಆದರೆ ನಮ್ಮ ಕಾರಿಗೆ ಎಡಗಡೆ ಕನ್ನಡಿ ಇಲ್ಲವಲ್ಲ. ಬೆಂಜ್ ಸರ್ಕಲ್‌ನಲ್ಲಿ ಎಡಕ್ಕೆ ಸರಿಯಬೇಕಾದಾಗ ಅಭ್ಯಾಸಬಲದಿಂದ 'ನೋಡೇ, ಏನಾದ್ರೂ ಬರ್ತದೇನು' ಎಂದು ಕೇಳಿದೆ. ಕೇಳಿ, ಉತ್ತರಕ್ಕೆ ಕಾದೆ ಕೂಡ. ಐದು ಕಲ್ಲು ಸುಮ್ಮನೆ ಕೂತಿದ್ದವು. ಅಷ್ಟರಲ್ಲಿ ಒಂದು ಆಟೋ ಬಂದು ಎಡ ಬಾಗಿಲನ್ನು ಮೊಳದುದ್ದ ಗೀಚಿಕೊಂಡು ಹೋಯಿತು. ಆಟೋದವನು ಇಳಿದು ಬೈದ, ನನಗೆ ವಾಪಸ್ ಬೈಯಲೂ ತೆಲುಗು ಬರಲಿಲ್ಲ. ನೀನು ಆ ಕಿಟಕಿಯಿಂದ ತಲೆ ಹೊರಗೆ ಹಾಕಿ ಇಂಥ ಎಷ್ಟು ಜನರ ಬಾಯಿ ಮುಚ್ಚಿಸಿಲ್ಲ! ಕಾಲುವೆ ರಸ್ತೆಯಲ್ಲಿ ಎರಡು ಸಲ ದಾರಿ ತಪ್ಪಿದೆ. ದಾರಿ ಕೇಳುತ್ತಿದ್ದವಳು ನೀನು, ನಾನು ಬರೀ ಸ್ಟಿಯರಿಂಗ್ ತಿರುಗಿಸುತ್ತಿದ್ದವನು. ಗಿರಣಿಯಲ್ಲಿ ಲಕ್ಷ್ಮೀಪ್ರಸನ್ನ ಅವರು ಕಾರಿನೊಳಗೆ ಬಗ್ಗಿ ನೋಡಿ ಕೇಳಿದ ಮೊದಲ ಮಾತೇ 'ಮೇಡಂ ರಾಲೇದಾ?', ಮೇಡಂ ಬರಲಿಲ್ಲವೇ ಎಂದು. ಹೋದ ವರ್ಷ ನೀನು ಹೇಳಿಕೊಟ್ಟ ಎಣ್ಣೆಗಾಯಿಯನ್ನು ಅವರು ಈಗಲೂ ಮಾಡುತ್ತಾರಂತೆ.

ತಕ್ಕಡಿ ಮುನ್ನೂರಕ್ಕೆ ಎರಡು ಕೆ.ಜಿ. ಕಡಿಮೆ ತೋರಿಸುತ್ತಿತ್ತು. ಮೂರು ಗಂಟೆ ಕೂತು ಸರಿ ಮಾಡಿದೆ. ಮುನ್ನೂರು ಎಂದರೆ ಮುನ್ನೂರು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆ ಸಾಲಿನ ಎಂಟೂ ಗಿರಣಿಗಳ ಕೆಲಸ ನಿಮಗೇ, ಡಿಸೆಂಬರ್‌ನಿಂದ ಪ್ರತಿ ಗುರುವಾರ ಬನ್ನಿ, ಆದರೆ ತೆಲುಗು ಬರುವವರನ್ನು ಜೊತೆಗೆ ಕರೆದುಕೊಂಡು ಬನ್ನಿ ಎಂದರು. ಜೂನ್‌ನಿಂದ ಈಚೆಗೆ ನನಗೆ ಅಷ್ಟು ಸಂತೋಷ ಆಗಿರಲಿಲ್ಲ, ಚೆನ್ನಿ. ಗಿರಣಿಯ ಬೇವಿನ ಮರದ ಕೆಳಗೆ ನಿಂತು ನಿನಗೆ ಫೋನ್ ಮಾಡಿದೆ. ಕಾರು ಎಂದೆ, ಮಗು ಎದ್ದಿತು. ಆವತ್ತು ನನಗೆ ನಿಜವಾಗಿ ಅಳು ಬಂತು. ಐವತ್ತಾರು ವರ್ಷದವನು ಅಕ್ಕಿ ಗಿರಣಿಯ ಮುಂದೆ ಕಣ್ಣೊರೆಸಿಕೊಳ್ಳುವುದು ಚೆನ್ನಾಗಿ ಕಾಣುವುದಿಲ್ಲವೆಂದು ತೌಡಿನ ಧೂಳು ಬಿತ್ತು ಎಂದು ಸುಳ್ಳು ಹೇಳಿದೆ. ಅದನ್ನೂ ಸನ್ನೆಯಲ್ಲಿ ಹೇಳಬೇಕಾಯಿತು.

ಅಳಿಯ ಸಾಯಿಕಿರಣ್ ಒಳ್ಳೆಯವನು, ನನ್ನ ತಕರಾರಿಲ್ಲ. ಋಷಿಕೊಂಡದ ಮನೆಯ ಸೋಫಾದಲ್ಲಿ ನನ್ನನ್ನು ಕೂರಿಸಿ, 'ಮಾವಯ್ಯಗಾರೂ, ಸಮುದ್ರ ನೋಡ್ತಾ ಆರಾಮಾಗಿ ಇರಿ' ಎಂದ. ನಾಮಕರಣಕ್ಕೆ ಬಂದಾಗ ನಾಲ್ಕು ದಿನ ನೋಡಿದೆ. ಸಮುದ್ರಕ್ಕೆ ನನ್ನಿಂದ ಏನೂ ಆಗಬೇಕಾಗಿಲ್ಲ. ತೂಕ ಸರಿಪಡಿಸುವುದು ಬಿಟ್ಟು ನನಗೆ ಬೇರೆ ಏನೂ ಬರುವುದಿಲ್ಲ, ಮತ್ತು ಅದು ನನಗೆ ಚೆನ್ನಾಗಿ ಬರುತ್ತದೆ. ಅದನ್ನು ಬಿಡು ಎಂದು ನೀನು ಹೇಳಬಾರದು. ನಿನ್ನೆ ಅನು ಫೋನ್ ಮಾಡಿ ಇನ್ನೊಂದು ಸುದ್ದಿ ಹೇಳಿದಳು. ಅವಳ ಅತ್ತೆ ಕನಕದುರ್ಗಮ್ಮ ಡಿಸೆಂಬರ್ ಮೊದಲ ದಿನದಿಂದಲೇ ಬಂದು ಮಗುವನ್ನು ನೋಡಿಕೊಳ್ಳಲು ತಯಾರಂತೆ. ಬೇಡ ಎನ್ನುತ್ತಿರುವವಳು ನೀನೇ ಅಂತೆ. 'ಅಲ್ಲಿ ನನ್ನಿಂದ ಏನಾಗಬೇಕಾಗೇದ' ಎಂದೆಯಂತೆ. ಓದಿಕೊಂಡು ಬಂದೆಯಲ್ಲ ಇಲ್ಲಿಯತನಕ? ಏನಾಗಬೇಕಾಗಿದೆ ಎಂದು ನೀನೇ ಎಣಿಸಿಕೋ.

ಈ ಕಾಗದ ತರುತ್ತಿರುವವರು ನಮ್ಮ ಊರಿನ ಕಡೆಯ ಧನಂಜಯ, ಇಲ್ಲಿ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿದ್ದಾರೆ. ಸಂಜೆಯ ರೈಲಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ನಿನ್ನ ಮೊಣಕಾಲಿನ ಎಣ್ಣೆ, ಅಗಸೆ ಚಟ್ನಿಪುಡಿ ಕಳಿಸಿದ್ದೇನೆ. ಅವರಿಗೆ ಊಟ ಹಾಕದೆ ಕಳಿಸಬೇಡ. ಅನುಗೂ ಸಾಯಿಕಿರಣ್‌ಗೂ ನನ್ನ ಆಶೀರ್ವಾದ ತಿಳಿಸು. ಉಷಶ್ರೀಗೆ ಅಜ್ಜನ ಪರವಾಗಿ ಎರಡು ಮುತ್ತು ಕೊಡು, ನಿನ್ನ ಮುತ್ತಿಗೆ ಮೀಸೆ ಚುಚ್ಚುವುದಿಲ್ಲ.

ಸಿಟ್ಟು ಇನ್ನೂ ಆರದ, ನಿನ್ನ
ಉಮಾಪತಿ

ಬರೆಯಲು ಮರೆತದ್ದು: ಧನಂಜಯ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಅಕ್ಷರ ಸರಿಯಿಲ್ಲದಿದ್ದರೆ ಬೈಯಬೇಡ. ಮೊನ್ನೆ ಶುಕ್ರವಾರ ಮತ್ತೆ ಕಂಕಿಪಾಡಿಗೆ ಹೋಗಿ ಲಕ್ಷ್ಮೀಪ್ರಸನ್ನ ಅವರ ಗಿರಣಿಯಲ್ಲಿ ಮೂರು ಕಲ್ಲು ಇಟ್ಟು ಬಂದೆ. ಎಂಟೂ ಗಿರಣಿ ಒಂದೇ ಸಾಲಿನಲ್ಲಿರುವುದರಿಂದ ಅವು ಅಲ್ಲೇ ಇರಬಹುದು. ನಿನ್ನೆ ಬಾಬ್ಜಿಯನ್ನು ಮನೆಗೇ ಕರೆಸಿ ನಿನ್ನ ಸೀಟನ್ನು ವಾಪಸ್ ಹಾಕಿಸಿದೆ, ನಾಲ್ಕೇ ಬೋಲ್ಟು, ಹತ್ತು ನಿಮಿಷದ ಕೆಲಸ. ಉಳಿದ ಹನ್ನೆರಡು ಕಲ್ಲು ಹಿಂದೆ ಕೂತಿವೆ, ಗಾಲಿ ತಾಗುತ್ತಿಲ್ಲ, ಗಾಳಿಯೂ ತಾಗುತ್ತಿಲ್ಲ. ಮೊದಲ ಸರದಿ ಡಿಸೆಂಬರ್ ನಾಲ್ಕು, ಗುರುವಾರ. ನನಗೆ ನೀನು ಬೇಕು, ಚೆನ್ನಿ. ಎಡಗಡೆ ಸರಿಯಾಗಿ ಮೂರು ಕಲ್ಲಿನ ಜಾಗ ಖಾಲಿ ಇದೆ. ಬರುತ್ತೀಯೋ, ಇಲ್ಲಾ ಕಲ್ಲನ್ನೇ ವಾಪಸ್ ತಂದು ಇಡಲೋ?