ನಡುಮನೆ ಗೋಡೆಯ ಗೆರೆ

ಅಣ್ಣಾ,

ಮೇಸ್ತ್ರಿ ಬಂದ್ರೆ ಗೋಡೆ ಮುಟ್ಟೋಕೆ ಬಿಡಬೇಡ. ಚಹಾ ಕೊಟ್ಟು ಕೂರಿಸು, ನಾನು ಇಂಜಿನಿಯರ್‌ನ ಕರ್ಕೊಂಡು ಬರ್ತೀನಿ.

ಹಿತ್ತಲಲ್ಲಿ ಕಟ್ಟಿರೋದು ನೀನು ಕೇಳಿದ ಹೊಸ ಗಾಜಿನ ಕೋಣೆಯ ಅಳತೆ ದಾರ, ನಿನ್ನ ಟವೆಲ್ ಒಣಗಿಸೋಕಲ್ಲ. ಎಷ್ಟು ಸಲ ಹೇಳಲಿ.

ಆ ಕೋಣೆಗೆ ಹೋಗೋ ಹೊಸ ಬಾಗಿಲಿಗೆ ಅಂತ ಮುತ್ತಜ್ಜನ ಕಾಲದ ನಡುಮನೆ ಗೋಡೆ ಮೇಲೆ ಎಳೆದ ಚಾಕ್ ಗೆರೆ ದಿನಾ ಅಳಿಸಿರ್ತಿತ್ತಲ್ಲ, ನಿನ್ನದೇ ಕಿತಾಪತಿ ಅಂತ ಹಾರಾಡಿದ್ದೆ. ಇವತ್ತು ಬೆಳಿಗ್ಗೆ ಕಣ್ಣಾರೆ ನೋಡಿದೆ. ಅಜ್ಜಿ ಆ ಗೋಡೆ ಸವರಿಕೊಂಡೇ ಬಚ್ಚಲಿಗೆ ಹೋಗ್ತಾಳೆ. ಕಣ್ಣು ಅಷ್ಟು ಮಂಜಾಗಿದೆ ಅಂತ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ.

ಅಲ್ಲಿ ಒಡೆದ್ರೆ ಅವಳ ಕೈಗೆ ಗೋಡೆ ಸಿಗಲ್ಲ. ಬಾಗಿಲು ಬೇರೆ ಕಡೆ ಇಡ್ತೀನಿ. ನಿನ್ನ ಗಾಜಿನ ಕೋಣೆ ಸಣ್ಣದಾಗುತ್ತೆ, ಬೈಕೋ.

ತಿಂಡಿ ಕೊಡೋ ಮುಂಚೆ ಅಜ್ಜಿಯ ಅಂಗೈ ಒರೆಸು. ಯಾಕೆ ಅಂತ ಮಾತ್ರ ಹೇಳಬೇಡ.