ಎಡಕ್ಕೆ ಉಂಟು

ಪ್ರೀತಿಯ ಬೇಬಿ ಚಿಕ್ಕಮ್ಮನಿಗೆ,

ಫೋನಿನಲ್ಲಿ ಹೇಳಲಾಗದೆ ಇದನ್ನು ಬರೆದು ತಂಗಿ ಯಶ್ಮಿತಾಳ ಮೊಬೈಲಿಗೆ ಕಳಿಸುತ್ತಿದ್ದೇನೆ. ಪ್ರಖ್ಯಾತನ ಕಾರಿನ ಟಯರ್ ಒಡೆಯಿತು ಎಂದು ಟಿವಿಯವರು ಹೇಳಿದ್ದು ಸುಳ್ಳು.

ಅಮೆರಿಕದ ಈ ರೇಸಿನಲ್ಲಿ ನಲವತ್ತು ಕಾರುಗಳು ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಅಂಟಿಕೊಂಡೇ ಓಡುತ್ತವೆ. ಓಡಿಸುವ ನಿಮ್ಮ ಮಗನಿಗೆ ಪಕ್ಕದ್ದು ಕಾಣುವುದಿಲ್ಲ. ಗ್ಯಾಲರಿಯ ಮಾಡಿನ ಮೇಲೆ ನಿಂತು ನೋಡಿ ರೇಡಿಯೊದಲ್ಲಿ ನಾನೇ ಹೇಳಬೇಕು. ಬೇರೆ ತಂಡದವರು ಕದ್ದು ಕೇಳುತ್ತಾರೆಂದು ಆ ದಿನ ಮೊದಲ ಸಲ ಕನ್ನಡದಲ್ಲಿ ಮಾತಾಡಿದೆವು.

ಕೊನೆಯ ಸುತ್ತಿನಲ್ಲಿ ಒಂದು ಕಾರು ಅವನ ಎಡಕ್ಕೆ ನುಗ್ಗಿತು. "ಎಡಕ್ಕೆ ಉಂಟು!" ಎಂದು ಕೂಗಿದೆ. ನಾನು ಹೇಳಿದ್ದು ಕಾರು ಉಂಟು ಎಂದು. ಅವನು ಜಾಗ ಉಂಟು ಎಂದುಕೊಂಡು ಎಡಕ್ಕೇ ತಿರುಗಿಸಿದ. ಗುದ್ದಿದ ರಭಸಕ್ಕೆ ಅವನ ಕಾರು ಗಾಳಿಗೆ ಹಾರಿ, ಗೋಡೆಗೆ ಅಪ್ಪಳಿಸಿ, ಏಳು ಸಲ ಉರುಳಿತು. ಹಿಂದಿನ ಕಾರು ಅವನ ಬಾಗಿಲನ್ನೇ ಸೀಳಿಕೊಂಡು ಹೋಯಿತು. ಬೆಂಕಿ ಏಳುವ ಮೊದಲು ಅವನ ದನಿ ಕೇಳಿತು: "ಎಂತ ಮಾರಾಯ, ಉಂಟು ಅಂದಿಯಲ್ಲ?"

ಅವನನ್ನು ಇಟ್ಟ ಪೆಟ್ಟಿಗೆಯನ್ನು ದಯವಿಟ್ಟು ತೆರೆಸಬೇಡಿ.

ಗುರುವಾರ ಆಂಬ್ಯುಲೆನ್ಸ್ ಉದ್ಯಾವರಕ್ಕೆ ಬರುತ್ತದೆ. ನಿಮ್ಮ ಅಂಗಳಕ್ಕೆ ರಿವರ್ಸಿನಲ್ಲೇ ಬರಬೇಕು. ಅವನು ಕಾರು ಕಲಿಯುವಾಗ ನೀವು ಹಿಂದೆ ನಿಂತು "ಉಂಟು, ಉಂಟು, ಬಾ" ಎನ್ನುತ್ತಿದ್ದಿರಿ. ಗುರುವಾರ ಯಾರೂ ಹಾಗೆ ಕೂಗದಂತೆ ನೋಡಿಕೊಳ್ಳಿ.

ನಿಮ್ಮ ಅಕ್ಕನ ಮಗ,
ಸುಕೇಶ