ಕ್ವಾರಿಯ ನೀರಿಗೆ ಹೇಳಿದ ಸ್ತೋತ್ರ

ಇಳಕಲ್
ಸೋಮವಾರ

ನಮ್ಮ ಚರ್ಚಿನ ಮಾನ್ಯ ಸಭಾಪಾಲಕರಿಗೆ,

ನೇಕಾರ ದಾನಿಯೇಲರ ಹೆಂಡತಿ ಮಾರ್ಥಾಳ ವಂದನೆಗಳು. ಬರುವ ಭಾನುವಾರ ಆರಾಧನೆಯಲ್ಲಿ “ದೇವರ ಉಪಕಾರ ನೆನೆದು ಸ್ತೋತ್ರ ಹೇಳುವವರು ಏಳಿ” ಎಂದು ದಯವಿಟ್ಟು ಕರೆಯಬೇಡಿ. ನೇರವಾಗಿ ಹಾಡಿಗೆ ಹೋಗಿಬಿಡಿ.

ನಮ್ಮ ಯಜಮಾನರು ವರ್ಷದ ಐವತ್ತೆರಡು ವಾರವೂ ಏಳುವವರು. ಗಾಳಿಗೆ ಮನೆಯ ತಗಡು ಹಾರಿಹೋದಾಗಲೂ ಮಗ್ಗ ಉಳಿಯಿತಲ್ಲ ಎಂದು ಸ್ತೋತ್ರ ಹೇಳಿದರು. ಮಗಳು ರೂತಳನ್ನು ಮಣ್ಣು ಮಾಡಿದ ಮೇಲೆ ಮೂರು ವಾರದಿಂದ ಏಳುತ್ತಾರೆ, ಮಾತು ಹೊರಡುವುದಿಲ್ಲ. ನೀವೆಲ್ಲ ಕಾಯುತ್ತೀರಿ. ಅವರು ಕೂಡುವುದೂ ಇಲ್ಲ.

ನಿನ್ನೆ ದಾರಿಯಲ್ಲಿ ಕೇಳಿದೆ: “ಯಾಕ ಏಳ್ತೀರಿ? ಸುಮ್ನ ಕುಂದರಬಾರದೇನ್ರಿ?”

“ಅವತ್ತಿನ ಸ್ತೋತ್ರ ಹಿಂದಕ್ಕ ತಗೋಬೇಕಂತ ಏಳ್ತೇನಿ. ಬಾಯಿಗೆ ಬರವಲ್ದು,” ಅಂದರು.

ಅವತ್ತಿನದು ನಿಮಗೂ ನೆನಪಿರಬೇಕು. ಕಳೆದ ತಿಂಗಳ ಮಳೆಗೆ ಮನೆಯ ಹಿಂದಿನ ಹಳೆಯ ಕಲ್ಲು ಕ್ವಾರಿ ತುಂಬಿತ್ತು. ಇನ್ನು ನನಗೆ ದೂರದಿಂದ ನೀರು ಹೊರುವುದು ತಪ್ಪಿತೆಂದು ದೇವರಿಗೆ ಸ್ತೋತ್ರ ಹೇಳಿದ್ದರು. ಆರನೇ ದಿನ ರೂತ ಆ ನೀರಿನಲ್ಲೇ ಸಿಕ್ಕಳು.

ತಪ್ಪು ಅವರೊಬ್ಬರದೇ ಎಂಬಂತೆ ನಿಲ್ಲುತ್ತಾರೆ, ಅದನ್ನು ನನ್ನಿಂದ ನೋಡಲಾಗುವುದಿಲ್ಲ. ಆ ದಿನ ಸಭೆಯೆಲ್ಲ ಆಮೆನ್ ಅಂದಿತ್ತು. ಎಲ್ಲರಿಗಿಂತ ಜೋರಾಗಿ ಅಂದವಳು ನಾನು.

ಹಾಡು ಯಾವುದಾದರೂ ಸರಿ, ಬೇಗ ಶುರು ಮಾಡಿ.

ನಿಮ್ಮ ಸಭೆಯ
ಮಾರ್ಥಾ